ಹೊಸ ಕಂಪ್ಯೂಟರ್ ತಾನಾಗೇ ರೀಸ್ಟಾರ್ಟ್ ಆಗ್ತಿದ್ದರೆ ನಾನು ಹುಡುಕುವ ರೀತಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಸಾಮಾನ್ಯ ಸಪೋರ್ಟ್ ಮುಗಿಯಿತು. ಆ ಹೊತ್ತಿಗೆ ವಿಜಯಪುರದಲ್ಲಿ ಬಹಳ ಜನ ಹಳೆ ಕಂಪ್ಯೂಟರ್ ಬಿಟ್ಟು ಹೊಸದು ತಗೊಂಡರು. ಸ್ಟುಡಿಯೋದವರು, ಝೆರಾಕ್ಸ್ ಅಂಗಡಿಯವರು, ಕೋಚಿಂಗ್ ಕ್ಲಾಸಿನವರು, ಟ್ಯಾಲಿ ನೋಡಿಕೊಳ್ಳುವ ಅಕೌಂಟೆಂಟರು. ನನ್ನದು ಸ್ಟೇಷನ್ ರೋಡ್ ಕಡೆ ಅಸೆಂಬ್ಲಿ ಮತ್ತು ರಿಪೇರಿ ಅಂಗಡಿ. ಹೊಸ ಮಷಿನ್‌ಗಳ ಹಿಂದೆಯೇ ಅವುಗಳ ತಕರಾರೂ ಬಂತು. ಹಳೆಯದು ಕೆಟ್ಟರೆ ಜನ ಬೇಜಾರಾಗುತ್ತಾರೆ, ಹೊಸದು ಕೆಟ್ಟರೆ ಸಿಟ್ಟಿಗೇಳುತ್ತಾರೆ. ಆ ಸಿಟ್ಟು ನ್ಯಾಯದ್ದೇ. ಸಾಲ ಮಾಡಿ ತಂದವರೂ ಇರುತ್ತಾರೆ.

ನನ್ನ ಹತ್ತಿರ ಬರುವಷ್ಟರಲ್ಲಿ ಹೆಚ್ಚಿನ ಮಷಿನ್‌ಗಳು ಒಂದೆರಡು ಸಲ ಫಾರ್ಮ್ಯಾಟ್ ಆಗಿರುತ್ತವೆ. ಹೊಸದು ಅಂದಮೇಲೆ ಪಾರ್ಟ್ ಕೆಟ್ಟಿರಲಿಕ್ಕಿಲ್ಲ, ವಿಂಡೋಸೇ ಸರಿ ಇಲ್ಲ ಅಂತ ಎಲ್ಲರೂ ನಂಬಿಬಿಡುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ತಯಾರಿಕೆಯ ದೋಷ ಇದ್ದರೆ ಅದು ಶುರುವಿನ ದಿನಗಳಲ್ಲೇ ಹೊರಗೆ ಬರುತ್ತದೆ. ಆ ದಿನಗಳನ್ನು ದಾಟಿದ ಪಾರ್ಟ್ ವರ್ಷಗಟ್ಟಲೆ ನಡೆಯುತ್ತದೆ. ಅದಕ್ಕೇ ಹೊಸ ಮಷಿನ್ ಬಂದರೆ ನಾನು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಮಾತಾಡುತ್ತೇನೆ.

"ಯಾವಾಗ ಬಂದ್ ಆಗತೈತ್ರಿ?" ಅಂತ ಕೇಳುತ್ತೇನೆ.

"ಯಾವಾಗ ಬೇಕಾದಾಗ ಆಗತೈತ್ರಿ ಸರ. ಹಿಂಗ ಅಂತ ಹೇಳಾಕ ಬರಂಗಿಲ್ಲ."

ಎಲ್ಲರೂ ಹೀಗೇ ಹೇಳುತ್ತಾರೆ. ಸ್ವಲ್ಪ ಕೆದಕಿದರೆ ಒಂದು ಹೊತ್ತು, ಒಂದು ಕೆಲಸ ಸಿಕ್ಕೇ ಸಿಗುತ್ತದೆ. ವಿಡಿಯೋ ರೆಂಡರ್ (ಎಡಿಟ್ ಆದದ್ದನ್ನು ಒಂದು ಫೈಲ್ ಮಾಡುವುದು) ಮಾಡುವಾಗ, ಗೇಮ್ ಆಡುವಾಗ ಬಂದ್ ಆಗುತ್ತದೆ ಅಂದರೆ ನಾನು ಕರೆಂಟು ಮತ್ತು ಬಿಸಿಯ ಕಡೆ ಹೋಗುತ್ತೇನೆ. ಸುಮ್ನೆ ಆನ್ ಇಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ರೀಸ್ಟಾರ್ಟ್ ಆಗಿರುತ್ತದೆ ಅಂದರೆ ರ್‍ಯಾಮ್ ಸೆಟ್ಟಿಂಗ್ ಮತ್ತು ಬಯಾಸ್ (ವಿಂಡೋಸ್‌ಗೂ ಮೊದಲು ಶುರುವಾಗುವ, ಮದರ್‌ಬೋರ್ಡ್ ಒಳಗಿನ ಪ್ರೋಗ್ರಾಂ) ಕಡೆ. ಬಯಾಸ್ ಪರದೆಯಲ್ಲಿ ಬಿಟ್ಟರೂ ಬಂದ್ ಆಗುತ್ತದೆ ಅಂದರೆ ವಿಂಡೋಸ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಅಲ್ಲಿ ಇನ್ನೂ ವಿಂಡೋಸ್ ಶುರುವೇ ಆಗಿರುವುದಿಲ್ಲ, ಅಲ್ವಾ? ಈ ಒಂದು ಪರೀಕ್ಷೆ ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು. ಆನ್ ಮಾಡುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ, ಹಾಗೇ ಒಂದು ಗಂಟೆ ಬಿಡಿ. ಅಲ್ಲೂ ಬಿದ್ದರೆ ಫಾರ್ಮ್ಯಾಟ್ ಖರ್ಚು ಉಳಿಯಿತು.

ಎರಡನೆಯದು, ಹೇಗೆ ಬಂದ್ ಆಯಿತು ಅನ್ನುವುದು. ವಿಂಡೋಸ್ ಕ್ರ್ಯಾಶ್ ಆದಾಗ ತೋರಿಸುವ ನೀಲಿ ಪರದೆ ಬಂದು ಹೋಯಿತಾ, ಅಥವಾ ವೈರ್ ಕಿತ್ತಂತೆ ಟಕ್ ಅಂತ ಹೋಯಿತಾ? ವಿಂಡೋಸ್ ಕ್ರ್ಯಾಶ್ ಆದಾಗ ತಾನಾಗೇ ರೀಸ್ಟಾರ್ಟ್ ಆಗುವಂತೆ ಮೊದಲಿನಿಂದಲೇ ಸೆಟ್ ಆಗಿರುತ್ತದೆ. ಹಾಗಾಗಿ ಪರದೆಯ ಮೇಲಿನ ಸಾಲು ಓದುವಷ್ಟರಲ್ಲಿ ಮಾಯ. ದಿಸ್ ಪಿಸಿ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಡ್ವಾನ್ಸ್ಡ್ ಸಿಸ್ಟಮ್ ಸೆಟ್ಟಿಂಗ್ಸ್, ಸ್ಟಾರ್ಟಪ್ ಅಂಡ್ ರಿಕವರಿ. ಅಲ್ಲಿ ಆಟೋಮ್ಯಾಟಿಕಲಿ ರೀಸ್ಟಾರ್ಟ್ ಅನ್ನುವ ಟಿಕ್ ತೆಗೆಯಿರಿ. ಮುಂದಿನ ಸಲ ಪರದೆ ಅಲ್ಲೇ ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆಯಬಹುದು. ಈಗ ವಿಂಡೋಸ್ 11ರಲ್ಲಿ ಆ ಪರದೆ ಕಪ್ಪು ಬಣ್ಣಕ್ಕೆ ಬದಲಾಗಿದೆ. ಕಪ್ಪು ಕಂಡ ತಕ್ಷಣ ಮಾನಿಟರ್ ಹೋಯಿತು ಅಂತ ತಿಳಿಯಬೇಡಿ, ಅದರ ಮೇಲೆ ಅಕ್ಷರ ಇವೆಯಾ ನೋಡಿ.

ಟಿಕ್ ತೆಗೆದ ಮೇಲೂ ಯಾವ ಪರದೆಯೂ ಬಾರದೆ ಸೀದಾ ಬಂದ್ ಆದರೆ, ಅದೇ ದೊಡ್ಡ ಸುಳಿವು. ವಿಂಡೋಸ್‌ಗೆ ಒಂದು ಸಾಲು ಬರೆಯಲೂ ಪುರುಸೊತ್ತು ಸಿಕ್ಕಿಲ್ಲ.

ಆಮೇಲೆ ವಿಂಡೋಸ್‌ನ ಆಗುಹೋಗುಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್ ತೆಗೆಯುತ್ತೇನೆ. ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್. ಅಲ್ಲಿ ಕೆಂಪು ಗುರುತಿನ ಕರ್ನಲ್ ಪವರ್ 41 ಇದ್ದೇ ಇರುತ್ತದೆ. ಇದನ್ನು ನೋಡಿ "ಪವರ್ ಅಂತ ಬರದೈತಿ ಸರ, ಎಸ್‌ಎಂಪಿಎಸ್ ಹೋಗೈತಿ" ಅಂತ ಹೊಸ ಎಸ್‌ಎಂಪಿಎಸ್ (ಕಂಪ್ಯೂಟರಿನ ಒಳಗೆ ಕರೆಂಟ್ ಕೊಡುವ ಡಬ್ಬಿ) ತಂದವರು ಬಹಳ ಮಂದಿ. 41 ಕಾರಣ ಹೇಳುವುದಿಲ್ಲ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ ಅನ್ನುವ ಸುದ್ದಿ ಮಾತ್ರ ಹೇಳುತ್ತದೆ. ಅದರ ಡೀಟೇಲ್ಸ್ ತೆಗೆದು ಬಗ್‌ಚೆಕ್ ಕೋಡ್ ಅನ್ನುವ ಸಾಲು ನೋಡಬೇಕು. ಅದು ಸೊನ್ನೆ ಇದ್ದರೆ ವಿಂಡೋಸ್ ಕ್ರ್ಯಾಶನ್ನು ದಾಖಲು ಮಾಡಿಕೊಂಡಿಲ್ಲ: ಕರೆಂಟ್ ಕಟ್ ಆಗಿರಬಹುದು, ಮಷಿನ್ ಪೂರ್ತಿ ಹ್ಯಾಂಗ್ ಆಗಿರಬಹುದು, ಇಲ್ಲ ಯಾರೋ ಬಟನ್ ಒತ್ತಿ ಹಿಡಿದಿರಬಹುದು. ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ಅದು ನೀಲಿ ಪರದೆಯ ಕೋಡ್. ಪ್ರತಿ ಸಲ ಒಂದೇ ಕೋಡ್, ಒಂದೇ ಫೈಲಿನ ಹೆಸರು ಬರುತ್ತಿದ್ದರೆ ನಾನು ಆ ಡ್ರೈವರ್ (ಪಾರ್ಟನ್ನು ವಿಂಡೋಸ್ ಜೊತೆ ನಡೆಸುವ ಸಾಫ್ಟ್‌ವೇರ್) ಹಿಂದೆ ಬೀಳುತ್ತೇನೆ. ಸಲಕ್ಕೊಂದು ಹೊಸ ಕೋಡ್ ಬಂದರೆ ನನ್ನ ಮೊದಲ ಅನುಮಾನ ರ್‍ಯಾಮ್ ಮೇಲೆ. ಅದೇ ಪಟ್ಟಿಯಲ್ಲಿ ವೀಯಾ ಲಾಗರ್ (WHEA-Logger) ಅನ್ನುವ ಹೆಸರು ಕಂಡರೆ ಹಾರ್ಡ್‌ವೇರೇ ತನಗೆ ತೊಂದರೆ ಆಗಿದೆ ಅಂತ ಹೇಳುತ್ತಿದೆ ಅಂತ ಅರ್ಥ.

ಇಷ್ಟು ತಿಳಿದ ಮೇಲೆ ನಮ್ಮ ಕಡೆಯ ಕರೆಂಟಿನ ವಿಷಯಕ್ಕೆ ಬರಬೇಕು. ಮದುವೆ ವಿಡಿಯೋ ಎಡಿಟ್ ಮಾಡುವ ಒಬ್ಬರ ಮಷಿನ್ ನನ್ನ ಟೇಬಲ್ ಮೇಲೆ ಹಗಲಿಡೀ ರೆಂಡರ್ ಮಾಡಿದರೂ ಅಲುಗಲಿಲ್ಲ. ಅವರ ಸ್ಟುಡಿಯೋದಲ್ಲಿ ಸಂಜೆ ಆದರೆ ಸಾಕು, ಬೀಳುತ್ತಿತ್ತು. ಲಾಗ್‌ನಲ್ಲಿ ಬಗ್‌ಚೆಕ್ ಸೊನ್ನೆ. ಮಷಿನ್ ಒಂದೇ, ಜಾಗ ಬೇರೆ. ಹಾಗಾದರೆ ಜಾಗವನ್ನೇ ನೋಡಬೇಕು ಅಂತ ಮಲ್ಟಿಮೀಟರ್ ತಗೊಂಡು ಹೋದೆ. ಬೇಸಿಗೆ. ಸುತ್ತಲಿನ ಮನೆಗಳಲ್ಲಿ ಏರ್ ಕೂಲರ್ ಶುರುವಾಗುವ ಹೊತ್ತು. 230 ಇರಬೇಕಾದ ವೋಲ್ಟೇಜ್ 190ರ ಹತ್ತಿರ ಇಳಿದು ಏರುತ್ತಿತ್ತು. ಟೇಬಲ್ ಕೆಳಗೆ 600 ವಿಎ ಯುಪಿಎಸ್. ನಾನು ನೆಲದ ಮೇಲೆ ಕೂತು ಅದಕ್ಕೆ ಕಿವಿ ಕೊಟ್ಟೆ. ವೋಲ್ಟೇಜ್ ಇಳಿದಾಗಲೆಲ್ಲ ಒಳಗಿನ ರಿಲೇ ಟಕ್ ಅನ್ನುತ್ತಿತ್ತು. ಸುಮ್ನೆ ಇದ್ದಾಗ ಟಕ್ ಅಂದರೂ ಏನೂ ಆಗಲಿಲ್ಲ. ರೆಂಡರ್ ಹಾಕಿಸಿದೆ. ಟಕ್ ಅಂದಿತು, ಆ ಕ್ಷಣಕ್ಕೇ ಪರದೆ ಹೋಯಿತು.

ಆಗುವುದು ಇಷ್ಟು. ಯುಪಿಎಸ್ ಲೈನಿನಿಂದ ಬ್ಯಾಟರಿಗೆ ಬದಲಾಗುವಾಗ ಕೆಲವು ಮಿಲಿಸೆಕೆಂಡ್ ಕರೆಂಟ್ ಇರುವುದಿಲ್ಲ. ಅಷ್ಟು ಹೊತ್ತನ್ನು ಎಸ್‌ಎಂಪಿಎಸ್ ತನ್ನ ಕೆಪಾಸಿಟರ್‌ನಲ್ಲಿ ಇರುವ ಚಾರ್ಜಿನಿಂದ ತಡೆದುಕೊಳ್ಳಬೇಕು. ಲೋಡ್ ಕಡಿಮೆ ಇದ್ದರೆ ಆ ಚಾರ್ಜ್ ಸಾಕಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಪೂರ್ತಿ ಓಡುತ್ತಿದ್ದರೆ ಬೇಗ ಖಾಲಿ. ಜೊತೆಗೆ 600 ವಿಎ ಅಂದರೆ ಹೆಚ್ಚಿನ ಯುಪಿಎಸ್‌ಗಳಲ್ಲಿ ಸಿಗುವುದು ಸುಮಾರು 360 ವ್ಯಾಟ್ ಮಾತ್ರ. ವಿಎ ನೋಡಿ ವ್ಯಾಟ್ ಅಂತ ತಿಳಿದು ತರುತ್ತಾರೆ. ಅಗ್ಗದ ಯುಪಿಎಸ್ ಬ್ಯಾಟರಿ ಮೇಲೆ ಕೊಡುವ ಅಲೆ ಲೈನಿನ ಕರೆಂಟಿನಂತೆ ನಯವಾಗಿ ಏರಿಳಿಯುವ ಸರಿಯಾದ ಸೈನ್ ಅಲೆಯೂ ಅಲ್ಲ. ಹೊಸ ಕಾಲದ ಆಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವ ರೀತಿಯನ್ನು ಸರಿಪಡಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗಳಲ್ಲಿ ಕೆಲವಕ್ಕೆ ಅದು ಒಗ್ಗುವುದಿಲ್ಲ. ಹಳೆ ಕಂಪ್ಯೂಟರ್ ಅದೇ ಯುಪಿಎಸ್ ಮೇಲೆ ವರ್ಷಗಟ್ಟಲೆ ನಡೆದಿತ್ತು, ಹೊಸದಕ್ಕೇ ಯಾಕೆ ಹೀಗೆ ಅಂತ ಅವರು ಕೇಳಿದರು. ಹಳೆಯದು ಇಷ್ಟು ಕರೆಂಟ್ ಎಳೆಯುತ್ತಿರಲಿಲ್ಲ. ದೊಡ್ಡ ಪ್ಯೂರ್ ಸೈನ್ ವೇವ್ ಯುಪಿಎಸ್ ಹಾಕಿಸಿದ ಮೇಲೆ ಅದೇ ಸಂಜೆ ಹೊತ್ತಿನಲ್ಲಿ ರೆಂಡರ್ ಮುಗಿಯಿತು. ಕಂಪ್ಯೂಟರಿನ ಒಂದು ಪಾರ್ಟೂ ಬದಲಾಗಲಿಲ್ಲ.

ಅರ್ಥಿಂಗ್ ಕೂಡ ಅವತ್ತೇ ನೋಡಿದೆ. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ನಾನು ಎಲೆಕ್ಟ್ರಿಷಿಯನ್ ಕರೆಸಲು ಹೇಳುತ್ತೇನೆ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿದ್ದರೆ ಅರ್ಥ್ ಇಲ್ಲ ಅಂತಲೇ ತಿಳಿಯಿರಿ. ಅಂಥ ಕಡೆ ಪೆನ್‌ಡ್ರೈವ್ ಚುಚ್ಚಿದಾಗ ಮಷಿನ್ ಹ್ಯಾಂಗ್ ಆಗುವುದನ್ನು ಕಂಡಿದ್ದೇನೆ.

ಬಿಸಿಲನ್ನು ಮಾತ್ರ ಜನ ಸುಮ್ನೆ ಬೈಯುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ನಿಜ. ಆದರೆ ಈಗಿನ ಪ್ರೊಸೆಸರ್‌ಗಳು ಬಿಸಿಯಾದರೆ ಮೊದಲು ನಿಧಾನ ಆಗುತ್ತವೆ. ಇಂಟೆಲ್‌ನ ಬಹಳಷ್ಟು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಆ ಗಡಿ 100 ಡಿಗ್ರಿ. ಬಿಸಿಗೆ ಪೂರ್ತಿ ಬಂದ್ ಆಗಬೇಕಾದರೆ ಪ್ರೊಸೆಸರ್ ಮೇಲಿನ ಕೂಲರ್ ಸರಿಯಾಗಿ ಕೂತೇ ಇರುವುದಿಲ್ಲ. ಹೊಸ ಮಷಿನ್‌ನಲ್ಲಿ ಅದನ್ನು ನೋಡಲೇಬೇಕು. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ತೆಗೆಯದೆ ಹಾಗೇ ಕೂರಿಸಿದ್ದನ್ನು ಬಿಚ್ಚಿದ್ದೇನೆ. ಪ್ರೊಸೆಸರ್ ಜೊತೆ ಡಬ್ಬಿಯಲ್ಲೇ ಬರುವ ಬಾಕ್ಸ್ ಕೂಲರಿನ ನಾಲ್ಕು ಪಿನ್‌ಗಳಲ್ಲಿ ಒಂದು ಕಚ್ಚಿರುವುದಿಲ್ಲ, ಅಥವಾ ಬಸ್ಸಿನ ಪಾರ್ಸಲ್‌ನಲ್ಲಿ ಬರುವಾಗ ಸಡಿಲ ಆಗಿರುತ್ತದೆ. ಮದರ್‌ಬೋರ್ಡ್ ಹಿಂದಿನಿಂದ ನೋಡಿದರೆ ಗೊತ್ತಾಗುತ್ತದೆ.

ರ್‍ಯಾಮ್ ವಿಷಯದಲ್ಲಿ ನಮ್ಮ ಕಡೆ ಒಂದು ರೂಢಿ ಇದೆ: ತೆಗೆದು, ರಬ್ಬರ್‌ನಿಂದ ತಿಕ್ಕಿ, ಮತ್ತೆ ಹಾಕುವುದು. ಹೊಸ ರ್‍ಯಾಮ್‌ಗೆ ತಿಕ್ಕುವ ಅಗತ್ಯ ಇಲ್ಲ. ಸರಿ ಹೋಗಿದ್ದರೆ ಅದು ತಿಕ್ಕಿದ್ದಕ್ಕಲ್ಲ, ಮತ್ತೆ ಗಟ್ಟಿಯಾಗಿ ಕೂತದ್ದಕ್ಕೆ. ಹೊಸ ಮಷಿನ್‌ನಲ್ಲಿ ನಾನು ನೋಡುವುದು ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅನ್ನುವ, ರ್‍ಯಾಮನ್ನು ಡಬ್ಬಿ ಮೇಲಿನ ವೇಗಕ್ಕೆ ಓಡಿಸುವ ಬಯಾಸ್ ಸೆಟ್ಟಿಂಗ್. ರ್‍ಯಾಮ್ ಡಬ್ಬಿ ಮೇಲೆ ವೇಗ 3600 ಅಂತ ಬರೆದಿರುತ್ತಾರೆ. ಆದರೆ ಡಿಡಿಆರ್4 ತರಹದ ರ್‍ಯಾಮ್‌ಗೆ ಇಂಟೆಲ್ 12ನೇ ತಲೆಮಾರಿನ ಪ್ರೊಸೆಸರ್ ಅಧಿಕೃತವಾಗಿ ಹೇಳುವುದು 3200. ಅದರ ಮೇಲೆ ಓಡಿಸುವುದು ಓವರ್‌ಕ್ಲಾಕೇ. ಒಂದು ಕೋಚಿಂಗ್ ಕ್ಲಾಸಿನ ಲ್ಯಾಬ್‌ನಲ್ಲಿ ಒಂದೇ ದಿನ ತಂದ, ಒಂದೇ ತರಹದ ಮಷಿನ್‌ಗಳಲ್ಲಿ ಕೆಲವು ಮಾತ್ರ ಖಾಲಿ ಕೂತಾಗ ರೀಸ್ಟಾರ್ಟ್ ಆಗುತ್ತಿದ್ದವು. ಕೋಡ್‌ಗಳು ಸಲಕ್ಕೊಂದು. ಎಕ್ಸ್‌ಎಂಪಿ ಆಫ್ ಮಾಡಿದ ಕೂಡಲೇ ನಿಂತಿತು. ಅದಕ್ಕೂ ನಿಲ್ಲದ ಒಂದು ಮಷಿನ್‌ಗೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನುವ ರ್‍ಯಾಮ್ ಪರೀಕ್ಷೆ ಹಾಕಿ ರಾತ್ರಿಯಿಡೀ ಬಿಟ್ಟೆ. ಒಂದೊಂದೇ ರ್‍ಯಾಮ್ ಹಾಕಿ ನೋಡಿದಾಗ ಕೆಟ್ಟದ್ದು ಯಾವುದು ಅಂತ ಗೊತ್ತಾಯಿತು. ಈ ಟೆಸ್ಟ್‌ನಲ್ಲಿ ಒಂದು ಎರರ್ ಬಂದರೂ ನಾನು ಆ ರ್‍ಯಾಮ್ ವಾಪಸ್ ಕಳಿಸುತ್ತೇನೆ.

ಝೆರಾಕ್ಸ್ ಅಂಗಡಿಯ ಕೇಸು ಎಲ್ಲಕ್ಕಿಂತ ಜಾಸ್ತಿ ತಲೆ ತಿಂದಿತು. ಪ್ರಿಂಟ್ ಕೊಟ್ಟರೆ ಕಂಪ್ಯೂಟರ್ ರೀಸ್ಟಾರ್ಟ್. ಪ್ರತಿ ಸಲ ಅಲ್ಲ, ನಾಲ್ಕೈದು ಪ್ರಿಂಟಿಗೊಮ್ಮೆ. ಪ್ರಿಂಟರ್ ಡ್ರೈವರ್ ಬದಲಿಸಿ ಬದಲಿಸಿ ಅವರಿಗೆ ಸಾಕಾಗಿತ್ತು. ಲೇಸರ್ ಪ್ರಿಂಟರ್ ಯುಪಿಎಸ್‌ಗೇ ಚುಚ್ಚಿದ್ದರು. ಲೇಸರ್ ಪ್ರಿಂಟರಿನ ಒಳಗೆ ಟೋನರನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಹೀಟರ್ ಇರುತ್ತದೆ. ಅದು ಬಿಸಿಯಾಗುವಾಗ ನೂರಾರು ವ್ಯಾಟ್ ಒಮ್ಮೆಲೇ ಎಳೆಯುತ್ತದೆ. ಲೇಸರ್ ಪ್ರಿಂಟರ್ ಯಾವತ್ತೂ ಯುಪಿಎಸ್ ಮೇಲೆ ಇಡಬಾರದು. ತೆಗೆದು ಗೋಡೆಯ ಬೇರೆ ಪಾಯಿಂಟ್‌ಗೆ ಹಾಕಿದೆವು. ಕಡಿಮೆ ಆಯಿತು, ಆದರೆ ನಿಲ್ಲಲಿಲ್ಲ.

ಕಂಪ್ಯೂಟರ್ ಇದ್ದ ಟೇಬಲ್ ಮೇಲೇ ಇದ್ದ ಪ್ರಿಂಟರನ್ನು ಬೇರೆ ಟೇಬಲ್‌ಗೆ ಇಟ್ಟು ನೋಡೋಣ ಅಂದೆ. ಕೇಬಲ್ ಅದೇ, ಡ್ರೈವರ್ ಅದೇ, ಪಾಯಿಂಟ್ ಅದೇ. ರೀಸ್ಟಾರ್ಟ್ ನಿಂತಿತು. ಅಂದರೆ ಕರೆಂಟೂ ಅಲ್ಲ, ಡ್ರೈವರೂ ಅಲ್ಲ, ಟೇಬಲ್ ನಡುಗುವುದೇ ಕಾರಣ. ಕ್ಯಾಬಿನೆಟ್ ಮುಂದಿನ ರೀಸೆಟ್ ಬಟನ್ ಮುಟ್ಟಿ ನೋಡಿದೆ. ಬೆರಳಿನ ಉಗುರಿನಷ್ಟೂ ಇಲ್ಲದ ಬಟನ್, ಒಂದು ಕಡೆ ಒಳಗೆ ವಾಲಿತ್ತು. ಅಚ್ಚಿನಲ್ಲಿ ಉಳಿದ ಪ್ಲಾಸ್ಟಿಕ್ ಚೂರು ಅದನ್ನು ಪೂರ್ತಿ ಹೊರಗೆ ಬರಲು ಬಿಡುತ್ತಿರಲಿಲ್ಲ. ಸ್ವಲ್ಪ ಅಲುಗಿದರೆ ಸ್ವಿಚ್ ತಾಗುತ್ತಿತ್ತು. ಸೈಡ್ ಪ್ಯಾನಲ್ ಬಿಚ್ಚಿ ಮದರ್‌ಬೋರ್ಡ್‌ನಿಂದ ಆ ಎರಡು ಪಿನ್ನಿನ ವೈರ್ ಕಿತ್ತೆ, ಪ್ರಿಂಟರನ್ನು ಮತ್ತೆ ಮೊದಲಿನ ಟೇಬಲ್‌ಗೇ ಇಟ್ಟು ಒಂದು ಕಟ್ಟು ಕಾಗದ ಪ್ರಿಂಟ್ ಹಾಕಿಸಿದೆ. ಏನೂ ಆಗಲಿಲ್ಲ.

"ಇಷ್ಟ ಇತ್ತೇನ್ರಿ ಅಣ್ಣಾರ?" ಅಂದರು ಅಂಗಡಿಯವರು.

ಇಷ್ಟೇ ಇತ್ತು. ಅವತ್ತಿನಿಂದ ಬಗ್‌ಚೆಕ್ ಸೊನ್ನೆ ಇರುವ ಯಾವ ಹೊಸ ಮಷಿನ್ ಬಂದರೂ ಮೊದಲು ರೀಸೆಟ್ ವೈರ್ ಕಿತ್ತು ನೋಡುತ್ತೇನೆ. ಒಂದು ಪೈಸೆ ಖರ್ಚಿಲ್ಲ, ರೀಸೆಟ್ ಬಟನ್ ಇಲ್ಲದೆ ಯಾರ ಕೆಲಸವೂ ನಿಲ್ಲುವುದಿಲ್ಲ.

ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಇರುವವರಿಗೆ ಬೇರೆಯೇ ಒಂದು ವಿಷಯ ಇದೆ. ಇವುಗಳಲ್ಲಿ ಕೆಲವಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹೋಗಿ ಕ್ರಮೇಣ ಹಾಳಾಗುತ್ತವೆ ಅಂತ 2024ರಲ್ಲಿ ಕಂಪನಿಯೇ ಒಪ್ಪಿಕೊಂಡು, ಬಯಾಸ್ ಮೂಲಕ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳು) ಅಪ್‌ಡೇಟ್ ಕೊಟ್ಟಿತು. ಅಂಥ ಪ್ರೊಸೆಸರ್‌ಗಳಿಗೆ ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ದೊಡ್ಡ ಸಾಫ್ಟ್‌ವೇರ್ ಇನ್‌ಸ್ಟಾಲ್ ಆಗುವಾಗ ಫೈಲ್ ಬಿಚ್ಚಿಕೊಳ್ಳದೆ ಎರರ್ ಬರುವುದು, ಗೇಮ್‌ನಲ್ಲಿ ವಿಡಿಯೋ ಮೆಮೊರಿ ಸಾಲದು ಅಂತ ಸುಳ್ಳು ಸಂದೇಶ ಬರುವುದು ಇದರ ಲಕ್ಷಣ. ಬಯಾಸ್ ಅಪ್‌ಡೇಟ್ ಮುಂದಿನ ಹಾನಿ ತಡೆಯುತ್ತದೆ, ಆಗಲೇ ಆದ ಹಾನಿಯನ್ನು ಸರಿ ಮಾಡುವುದಿಲ್ಲ. ಆಗಿದ್ದರೆ ಪ್ರೊಸೆಸರ್ ಬದಲಿಸಿಕೊಳ್ಳಬೇಕು. ಬಯಾಸ್ ಅಪ್‌ಡೇಟ್ ಮಾಡುವಾಗ ನಡುವೆ ಕರೆಂಟ್ ಹೋದರೆ ಬೋರ್ಡೇ ಸಾಯಬಹುದು, ಹಾಗಾಗಿ ಒಳ್ಳೆ ಯುಪಿಎಸ್ ಇರುವಲ್ಲೇ ಮಾಡಿ.

ಪಾರ್ಟ್ ಬದಲಿಸಿ ನೋಡುವುದು ನನ್ನ ಕೊನೆಯ ಕೆಲಸ. ಒಂದು ಸಲಕ್ಕೆ ಒಂದೇ ಪಾರ್ಟ್. ಎರಡು ಒಟ್ಟಿಗೆ ಬದಲಿಸಿದರೆ ಮಷಿನ್ ಸರಿ ಹೋಗಬಹುದು, ಆದರೆ ವಾರಂಟಿಗೆ ಯಾವುದನ್ನು ಕಳಿಸಬೇಕು ಅಂತ ಗೊತ್ತಾಗುವುದಿಲ್ಲ. ಸರಿಯಾಯಿತು ಅನಿಸಿದ ಮೇಲೆ ಒಂದು ರಾತ್ರಿ ಲೋಡ್ ಹಾಕಿ, ಒಂದು ರಾತ್ರಿ ಖಾಲಿ ಬಿಟ್ಟು ಇಟ್ಟುಕೊಳ್ಳುತ್ತೇನೆ.

ನೀವು ಯಾರ ಹತ್ತಿರ ರಿಪೇರಿಗೆ ಒಯ್ದರೂ ಒಂದು ಚೀಟಿ ಬರೆದುಕೊಂಡು ಹೋಗಿ: ಯಾವ ದಿನ, ಎಷ್ಟು ಹೊತ್ತಿಗೆ, ಏನು ಕೆಲಸ ನಡೆದಿತ್ತು, ಆಗ ಕರೆಂಟ್ ಹೋಗಿ ಬಂತಾ, ಫ್ಯಾನ್ ಲೈಟ್ ಮಂಕಾಯಿತಾ. ಪರದೆಯ ಫೋಟೊ ಇದ್ದರೆ ತೋರಿಸಿ. ಬಿಲ್ ಒಯ್ಯಿರಿ, ಹೊಸ ಪಾರ್ಟ್ ನೇರವಾಗಿ ಬದಲಿಸಿಕೊಡುವ ದಿನಗಳು ಬೇಗ ಮುಗಿಯುತ್ತವೆ. ಮತ್ತು ಸಿಪಿಯು ಒಂದನ್ನೇ ಎತ್ತಿಕೊಂಡು ಹೋಗಬೇಡಿ. ಅದಕ್ಕೆ ಹಾಕಿದ್ದ ಪವರ್ ಕೇಬಲ್, ಯುಪಿಎಸ್, ಎಕ್ಸ್‌ಟೆನ್ಷನ್ ಬೋರ್ಡ್ ಎಲ್ಲವನ್ನೂ ಜೊತೆಗೆ ತಗೊಂಡು ಹೋಗಿ.