ಸೆಲೆಕ್ಟ್ ಆಲ್ ಒತ್ತದೆ ಎಸ್‌ಕ್ಯೂಎಲ್ ಸರ್ವರ್ ಹಾಕಿದ ನನ್ನ ಅನುಭವ

ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್ ಎಸ್‌ಕ್ಯೂಎಲ್ ಸರ್ವರ್‌ನ ಸೆಟಪ್‌ನಲ್ಲಿ, ಯಾವ ಭಾಗಗಳು ಬೇಕು ಅಂತ ಆರಿಸುವ ಫೀಚರ್ ಸೆಲೆಕ್ಷನ್ ಪುಟ ಬರುತ್ತದಲ್ಲ, ಅಲ್ಲಿ ಡೇಟಾ ಇಟ್ಟು ಕ್ವೆರಿ ಓಡಿಸುವ ಡೇಟಾಬೇಸ್ ಎಂಜಿನ್ ಒಂದನ್ನೇ ಟಿಕ್ ಮಾಡಿ ಮುಂದೆ ಹೋಗೋಣ ಅಂತ ನಾನು ಹೇಳಿದಾಗ ಟೀಮಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಸರ್, ಐಎಸ್‌ಒ (ಇನ್‌ಸ್ಟಾಲ್ ಡಿಸ್ಕ್ ಇಮೇಜ್) ಹೇಗೂ ಮೌಂಟ್ ಆಗಿದೆ, ಎಲ್ಲ ಒಂದೇ ಸಲ ಹಾಕಿಬಿಡೋಣ, ಆಮೇಲೆ ಡೌನ್‌ಟೈಮ್ ಯಾರು ಕೊಡ್ತಾರೆ?" ಅನ್ನೋದು ಎಲ್ಲರ ಮಾತು. ಈಗ 30–35 ಸರ್ವರ್‌ಗಳು ನನ್ನ ರೀತಿಯಲ್ಲೇ ಓಡುತ್ತಿವೆ. ಲೈಸೆನ್ಸ್ ರಿನ್ಯೂವಲ್ ಕೂಡ ಮುಗಿದಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನ ಲೆಕ್ಕ ಸರಳ. ಯಾವುದನ್ನು ಆಮೇಲೆ ಬದಲಾಯಿಸಬಹುದು, ಯಾವುದನ್ನು ಆಗಲ್ಲ? ಅಗ್ಗದ ಸ್ಟ್ಯಾಂಡರ್ಡ್ ಎಡಿಷನ್‌ನಿಂದ ದುಬಾರಿ ಎಂಟರ್‌ಪ್ರೈಸ್‌ಗೆ ಹೋಗಲು ಸೆಟಪ್‌ನಲ್ಲೇ ಎಡಿಷನ್ ಅಪ್‌ಗ್ರೇಡ್ ಇದೆ. ಕೀ ಕೊಡಿ, ಸರ್ವಿಸ್ ಒಮ್ಮೆ ರಿಸ್ಟಾರ್ಟ್ ಆಗುತ್ತದೆ, ಮುಗೀತು. ಎಂಟರ್‌ಪ್ರೈಸ್‌ನಿಂದ ಸ್ಟ್ಯಾಂಡರ್ಡ್‌ಗೆ ಇಳಿಯಲು ಅಂಥ ದಾರಿ ಇಲ್ಲ. ಹೊಸದಾಗಿ ಇನ್‌ಸ್ಟಾಲ್ ಮಾಡಿ, ಡೇಟಾಬೇಸ್, ಲಾಗಿನ್, ಜಾಬ್ ಎಲ್ಲ ಸಾಗಿಸಬೇಕು. ಫೀಚರ್ ವಿಷಯವೂ ಹೀಗೇ. ಸೇರಿಸೋದು ಸುಲಭ, ಕೀಳೋದು ಕಷ್ಟ. ಡೇಟಾ ಸಾಗಿಸುವ ಇಂಟಿಗ್ರೇಷನ್ ಸರ್ವಿಸಸ್‌ನಂಥ ಶೇರ್ಡ್ ಫೀಚರ್ ಆದರೆ ಆ ಮಷೀನಿನ ಎಲ್ಲ ಇನ್‌ಸ್ಟನ್ಸ್‌ಗಳೂ (ಒಂದೇ ಮಷೀನಿನಲ್ಲಿ ಬೇರೆ ಬೇರೆಯಾಗಿ ಓಡುವ ಎಸ್‌ಕ್ಯೂಎಲ್ ಸರ್ವರ್ ಪ್ರತಿಗಳು) ನಡುವೆ ಸಿಕ್ಕಿಕೊಳ್ಳುತ್ತವೆ. ಹಾಗಿದ್ದಮೇಲೆ ಕೆಳಗಿನಿಂದ ಶುರು ಮಾಡಿದರೆ ನಷ್ಟ ಏನು? ಸೆಟಪ್ ದಿನ ತಲೆ ಕೆಡಿಸಿಕೊಳ್ಳಬೇಕಾದ್ದು ಬೇರೆ ಕಡೆ. ಇನ್‌ಸ್ಟನ್ಸ್ ಹೆಸರು, ರೂಟ್ ಡೈರೆಕ್ಟರಿ, ಕೊಲೇಷನ್ (ಅಕ್ಷರಗಳನ್ನು ಹೋಲಿಸುವ, ಜೋಡಿಸುವ ನಿಯಮ). ಸರ್ವರ್ ಕೊಲೇಷನ್ ತಪ್ಪಿದರೆ ಸಿಸ್ಟಮ್ ಡೇಟಾಬೇಸ್‌ಗಳನ್ನೇ ರಿಬಿಲ್ಡ್ ಮಾಡಬೇಕು. ಆ ಪುಟವನ್ನು ನೆಕ್ಸ್ಟ್ ನೆಕ್ಸ್ಟ್ ಅಂತ ದಾಟಿಸಿ, ಬೇಡದ ಫೀಚರ್‌ಗಳಿಗೆ ಟಿಕ್ ಹಾಕುತ್ತಾ ಕೂರುವವರನ್ನು ಬಹಳ ನೋಡಿದ್ದೇನೆ.

ನಮಗೆ ಹಿಂದಿನವರಿಂದ ಬಂದ ಸರ್ವರ್‌ಗಳ ಕಥೆ ಕೇಳಿ. ಒಂದು ಎಸ್‌ಕ್ಯೂಎಲ್ ಸರ್ವರ್ 2017 ಬಾಕ್ಸ್ ಸೆಕ್ಯೂರಿಟಿ ಆಡಿಟ್‌ನಲ್ಲಿ ಫೇಲ್ ಆಯಿತು. ಯಾರಿಗೂ ಗೊತ್ತಿಲ್ಲದ 20 ಲೋಕಲ್ ಯೂಸರ್ ಅಕೌಂಟ್‌ಗಳು, ಹೆಸರು ಒಂದೇ, ಕೊನೆಯಲ್ಲಿ 01ರಿಂದ 20ರವರೆಗೆ ನಂಬರ್. ಹ್ಯಾಕ್ ಆಗಿದೆ ಅಂತ ಮೀಟಿಂಗ್ ಕೂಡ ಕರೆದರು. ಅವು ಆರ್, ಪೈಥಾನ್ ಸ್ಕ್ರಿಪ್ಟ್ ಓಡಿಸುವ ಮಷೀನ್ ಲರ್ನಿಂಗ್ ಸರ್ವಿಸಸ್ ತಾನೇ ಸೃಷ್ಟಿಸುವ ವರ್ಕರ್ ಅಕೌಂಟ್‌ಗಳು. ಆ ಸರ್ವರ್‌ನಲ್ಲಿ ಯಾರೂ ಒಂದು ಆರ್ ಸ್ಕ್ರಿಪ್ಟ್ ಓಡಿಸಿದವರಲ್ಲ. ಯಾರೋ ಸುಮ್ನೆ ಟಿಕ್ ಹಾಕಿದ್ದರು, ಅಷ್ಟೇ. (2019ರಲ್ಲಿ ಈ ವ್ಯವಸ್ಥೆ ಬದಲಾಗಿದೆ, ಆ ಅಕೌಂಟ್‌ಗಳು ಬರಲ್ಲ.) ಇನ್ನೊಂದರಲ್ಲಿ ವಿಶ್ಲೇಷಣೆಗಾಗಿ ಡೇಟಾವನ್ನು ಕ್ಯೂಬ್‌ಗಳಾಗಿ ಒಟ್ಟುಗೂಡಿಸಿಡುವ ಅನಾಲಿಸಿಸ್ ಸರ್ವಿಸಸ್ ಮತ್ತು ಎಂಜಿನ್ ಒಟ್ಟಿಗೇ ಇದ್ದವು. ಅನಾಲಿಸಿಸ್ ಸರ್ವಿಸಸ್‌ನ ಟೋಟಲ್ ಮೆಮೊರಿ ಲಿಮಿಟ್ ಡೀಫಾಲ್ಟ್ ಆಗಿ ರ‍್ಯಾಮಿನ ಶೇ. 80. ಎಂಜಿನ್‌ಗೆ ಮ್ಯಾಕ್ಸ್ ಮೆಮೊರಿ ಯಾರೂ ಇಟ್ಟಿರಲಿಲ್ಲ. ಕ್ಯೂಬ್ ಪ್ರಾಸೆಸ್ ಶುರುವಾದ ಕೂಡಲೇ ಎರಡೂ ಒಂದೇ ರ‍್ಯಾಮಿಗೆ ಕಿತ್ತಾಡುತ್ತಿದ್ದವು, ಬೆಳಗಿನ ಬಿಲ್ಲಿಂಗ್ ಜಾಬ್ ನಿಂತುಹೋಗುತ್ತಿತ್ತು.

ಈಗ ದುಡ್ಡಿನ ವಿಷಯ. ಎಂಟರ್‌ಪ್ರೈಸ್ ಕೋರ್ ಲೈಸೆನ್ಸ್ ಸ್ಟ್ಯಾಂಡರ್ಡ್‌ಗಿಂತ ಹತ್ತಿರಹತ್ತಿರ ನಾಲ್ಕು ಪಟ್ಟು. ನಮ್ಮ 2014ರ ಸರ್ವರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಂಟರ್‌ಪ್ರೈಸ್. ಯಾಕೆ ಅಂದರೆ "ಕಂಪ್ರೆಷನ್ ಬೇಕು, ಪಾರ್ಟಿಷನಿಂಗ್ ಬೇಕು". ಆಗ ಅದು ನಿಜ. ಆದರೆ 2016ರ ಎಸ್‌ಪಿ1 (ಮೊದಲ ಸರ್ವಿಸ್ ಪ್ಯಾಕ್) ಬಂದ ಮೇಲೆ ಇವೆರಡೂ, ಜೊತೆಗೆ ಕಾಲಮ್‌ಸ್ಟೋರ್ (ಡೇಟಾವನ್ನು ಕಾಲಮ್‌ವಾರು ಇಡುವ ಇಂಡೆಕ್ಸ್) ಕೂಡ, ಸ್ಟ್ಯಾಂಡರ್ಡ್‌ನಲ್ಲೇ ಸಿಗುತ್ತವೆ. 2019ರಲ್ಲಿ ಡೇಟಾಬೇಸ್ ಫೈಲ್‌ಗಳನ್ನು ಎನ್‌ಕ್ರಿಪ್ಟ್ ಮಾಡುವ ಟಿಡಿಇ ಕೂಡ ಸ್ಟ್ಯಾಂಡರ್ಡ್‌ಗೆ ಬಂತು. ಅಂದರೆ ವರ್ಷನ್ ಏರಿಸಿದರೆ ಸಾಕು, ಎಡಿಷನ್ ಏರಿಸೋದು ಬೇಡ. ಇದನ್ನು ಹೇಳಿದಾಗ ನಮ್ಮ ಅಪ್ಲಿಕೇಷನ್ ವೆಂಡರ್ "ಎಂಟರ್‌ಪ್ರೈಸ್ ಇಲ್ಲದಿದ್ದರೆ ಸಪೋರ್ಟ್ ಇಲ್ಲ" ಅಂತ ಮೇಲ್ ಹಾಕಿದರು. ಯಾವ ಫೀಚರ್‌ಗೋಸ್ಕರ ಅಂತ ಒಂದೇ ಒಂದು ಸಾಲು ಬರೆದುಕೊಡಿ ಅಂದೆ. ವಾರಗಳು ಕಳೆದವು, ಆ ಸಾಲು ಬರಲಿಲ್ಲ.

ಸುಮ್ನೆ ವಾದ ಮಾಡಿದರೆ ಆಗಲ್ಲ, ಸಾಕ್ಷಿ ಬೇಕು. ಡೇಟಾಬೇಸ್ ಒಳಗೆ ಎಡಿಷನ್‌ಗೆ ಕಟ್ಟಿಕೊಂಡ ಫೀಚರ್ ಇದೆಯೇ ಅಂತ ಹೇಳಲು ಪರ್ಸಿಸ್ಟೆಡ್ ಎಸ್‌ಕೆಯು ಫೀಚರ್ಸ್ ಅನ್ನುವ ಡಿಎಂವಿ (ಸರ್ವರ್‌ನ ಒಳಸ್ಥಿತಿ ತೋರಿಸುವ ಸಿದ್ಧ ವ್ಯೂ) ಇದೆ. ಇದನ್ನು ನೋಡದೆ ಕೆಳಗಿನ ಎಡಿಷನ್‌ಗೆ ರಿಸ್ಟೋರ್ ಹಾಕಿದರೆ ಅದು ಮೊದಲೇ ತಡೆಯುವುದಿಲ್ಲ. ರಾತ್ರಿಯಿಡೀ ಓಡಿ, ಶೇ. 100 ಮುಟ್ಟಿ, ಡೇಟಾಬೇಸ್ ಸ್ಟಾರ್ಟ್ ಮಾಡುವ ಹೊತ್ತಿಗೆ ಈ ಎಡಿಷನ್‌ನಲ್ಲಿ ಆಗಲ್ಲ ಅನ್ನುತ್ತದೆ. ಒಂದು ದೊಡ್ಡ ಡೇಟಾಬೇಸ್‌ನಲ್ಲಿ ಇದನ್ನು ಕಣ್ಣಾರೆ ನೋಡಿದ್ದೇವೆ. ಆದರೆ ಆ ಡಿಎಂವಿ ಖಾಲಿ ಬಂದಿತು ಅಂತ ನೆಮ್ಮದಿಯಾಗಿರಬೇಡಿ. ಎಂಟರ್‌ಪ್ರೈಸ್‌ನಲ್ಲಿ ಮಾತ್ರ ಸಿಗುವ ಆನ್‌ಲೈನ್ ಇಂಡೆಕ್ಸ್ ರಿಬಿಲ್ಡ್ (ಟೇಬಲ್ ಬಳಕೆಯಲ್ಲಿರುವಾಗಲೇ ಇಂಡೆಕ್ಸ್ ಮರುಕಟ್ಟುವುದು) ಓಡುವಾಗ ಮಾತ್ರ ಇರುವಂಥದ್ದು, ಡೇಟಾಬೇಸ್‌ನಲ್ಲಿ ಅದರ ಗುರುತು ಉಳಿಯಲ್ಲ. ಜಾಬ್ ಸ್ಟೆಪ್‌ಗಳನ್ನೂ ಪ್ರೊಸೀಜರ್‌ಗಳನ್ನೂ ಜಾಲಾಡಬೇಕು. ಅಪ್ಲಿಕೇಷನ್ ಕಡೆಯಿಂದ ನೇರ ಬರುವುದನ್ನೂ ಹಿಡಿಯಲು ನನ್ನದೊಂದು ಸ್ಕ್ರಿಪ್ಟ್ ಇದೆ. ಅದನ್ನು ಇಲ್ಲಿ ಹಾಕಲ್ಲ, ಅದರ ಮೇಲೆಯೇ ನನಗೆ ಎರಡು ಕಡೆ ಕೆಲಸ ಸಿಕ್ಕಿದೆ.

ಇನ್‌ಸ್ಟಾಲ್ ವಿಧಾನಕ್ಕೆ ಬರೋಣ. ವಿಝಾರ್ಡ್ ಅನ್ನು ಒಂದೇ ಸಲ, ಕೊನೆಯ ರೆಡಿ ಟು ಇನ್‌ಸ್ಟಾಲ್ ಪುಟದವರೆಗೆ ಮಾತ್ರ ಓಡಿಸಿ. ಆ ಪುಟದ ಕೆಳಗೆ ಕಾನ್ಫಿಗರೇಷನ್ ಫೈಲಿನ ಪಾತ್ ಇರುತ್ತದೆ. ಫೈಲ್ ತೆಗೆದುಕೊಂಡು ಕ್ಯಾನ್ಸಲ್ ಒತ್ತಿ, ಮುಂದಿನ ಇನ್‌ಸ್ಟಾಲ್‌ಗಳೆಲ್ಲ ಈ ಫೈಲಿನಿಂದಲೇ. ಅದರಲ್ಲಿ ಯುಐ ಮೋಡ್ ಸಾಲು ಅಳಿಸಬೇಕು, ಇಲ್ಲದಿದ್ದರೆ ಕ್ವೈಟ್ ಮೋಡ್ (ವಿಝಾರ್ಡ್ ಪುಟಗಳಿಲ್ಲದ ಇನ್‌ಸ್ಟಾಲ್) ಓಡಲ್ಲ. ಲೈಸೆನ್ಸ್ ಒಪ್ಪಿಗೆಯನ್ನು ನೀವೇ ಸೇರಿಸಬೇಕು. ಪಾಸ್‌ವರ್ಡ್ ಫೈಲ್‌ನಲ್ಲಿ ಉಳಿಯಲ್ಲ, ಕಮಾಂಡ್ ಲೈನ್‌ನಲ್ಲಿ ಕೊಡಿ. ಇನ್‌ಸ್ಟಂಟ್ ಫೈಲ್ ಇನಿಷಿಯಲೈಸೇಷನ್ (ಸೊನ್ನೆ ತುಂಬದೆ ಡೇಟಾ ಫೈಲ್‌ಗೆ ತಕ್ಷಣ ಜಾಗ ಕೊಡುವುದು) ಟ್ರೂ ಮಾಡಿ, ತಾತ್ಕಾಲಿಕ ಡೇಟಾ ಇಡುವ ಟೆಂಪ್‌ಡಿಬಿ ಫೈಲ್‌ಗಳ ಸಂಖ್ಯೆ ಇಲ್ಲೇ ಕೊಡಿ, ಅಪ್‌ಡೇಟ್ ಸೋರ್ಸ್‌ಗೆ ಸಿಯು (ಕ್ಯುಮುಲೇಟಿವ್ ಅಪ್‌ಡೇಟ್) ಇಟ್ಟ ಫೋಲ್ಡರ್ ತೋರಿಸಿ. ನನ್ನ ಹತ್ತಿರ ಈಗ ಮೂರೇ ಫೈಲ್. ಬರೀ ಎಂಜಿನ್, ಎಂಜಿನ್ ಜೊತೆ ಫುಲ್ ಟೆಕ್ಸ್ಟ್ (ಪಠ್ಯದೊಳಗೆ ಹುಡುಕುವ ಫೀಚರ್), ಇಂಟಿಗ್ರೇಷನ್ ಸರ್ವಿಸಸ್ ಇರುವ ಇಟಿಎಲ್ (ಡೇಟಾ ತೆಗೆದು, ಬದಲಿಸಿ, ತುಂಬುವ) ಬಾಕ್ಸ್. ಶೇ. 70ರಷ್ಟು ಸರ್ವರ್‌ಗಳು ಮೊದಲ ಫೈಲಿನಲ್ಲೇ ಮುಗಿಯುತ್ತವೆ.

ಇವುಗಳಲ್ಲಿ ಇಲ್ಲದ ಫೀಚರ್ ಬೇಕು ಅಂತ ಯಾರಾದರೂ ಬಂದರೆ ನಾನು ಕೇಳೋದು ಇಷ್ಟೇ. ಯಾವ ಕ್ವೆರಿ ಅಥವಾ ಯಾವ ಪ್ಯಾಕೇಜ್ ಇದನ್ನು ಬಳಸುತ್ತದೆ, ಯಾರು ಟೆಸ್ಟ್ ಮಾಡ್ತಾರೆ, ಪ್ಯಾಚ್ ದಿನ ಯಾರು ಎದ್ದಿರ್ತಾರೆ. ಹೊರಗಿನ ಡೇಟಾಗೆ ಕ್ವೆರಿ ಹಾಕುವ ಪಾಲಿಬೇಸ್ ಕೇಳಿಕೊಂಡು ಬಂದವರಲ್ಲಿ ಹೆಚ್ಚಿನವರು ಎರಡನೇ ಪ್ರಶ್ನೆಗೇ ವಾಪಸ್ ಹೋದರು. ಅದು ಎರಡು ಸರ್ವಿಸ್ ಹೆಚ್ಚಾಗಿ ತರುತ್ತದೆ, ಅವುಗಳನ್ನೂ ನೋಡಿಕೊಳ್ಳಬೇಕಲ್ವಾ?

ನಿಜವಾಗಿ ಬೇಕಾದವರಿಗೆ ಆಮೇಲೆ ಸೇರಿಸಿ ಕೊಟ್ಟಿದ್ದೇವೆ, ಅಲ್ಲಿ ಎರಡು ಕಡೆ ಪೆಟ್ಟು ಬೀಳುತ್ತದೆ. ಒಂದು, ಹೊಸದಾಗಿ ಸೇರಿಸಿದ ಫೀಚರ್ ಆರ್‌ಟಿಎಂ (ಮೊದಲ ಬಿಡುಗಡೆಯ) ಮಟ್ಟದಲ್ಲಿ ಬಂದು ಕೂರುತ್ತದೆ, ಪಕ್ಕದಲ್ಲಿ ಎಂಜಿನ್ ಹೊಸ ಸಿಯುನಲ್ಲಿರುತ್ತದೆ. ಅದೇ ಸಿಯು ಮತ್ತೆ ಓಡಿಸಲೇಬೇಕು. ನಮ್ಮಲ್ಲಿ ಫುಲ್ ಟೆಕ್ಸ್ಟ್ ಹೀಗೆ ಹಳೆಯ ಬಿಲ್ಡ್‌ನಲ್ಲಿ ಉಳಿದಿದ್ದನ್ನು ಸೆಟಪ್‌ನ ಡಿಸ್ಕವರಿ ರಿಪೋರ್ಟ್ (ಹಾಕಿರುವ ಫೀಚರ್‌ಗಳ ಪಟ್ಟಿ) ತೋರಿಸಿತು. ಎರಡು, ವಿಝಾರ್ಡ್‌ನಲ್ಲಿ ಆ್ಯಡ್ ಫೀಚರ್ಸ್ ಬದಲು ನ್ಯೂ ಇನ್‌ಸ್ಟಲೇಷನ್ ಆರಿಸಿದರೆ ಎರಡನೇ ಇನ್‌ಸ್ಟನ್ಸ್ ಹುಟ್ಟಿಕೊಳ್ಳುತ್ತದೆ.

ರಿಪೋರ್ಟಿಂಗ್ ಸರ್ವಿಸಸ್ ಬಗ್ಗೆ ಒಂದು ಮಾತು. 2017ರಿಂದ ಅದು ಈ ಸೆಟಪ್‌ನಲ್ಲಿ ಇಲ್ಲ, ಬೇರೆ ಡೌನ್‌ಲೋಡ್. ಅದನ್ನು ಸಣ್ಣ ವಿಎಂಗೆ (ವರ್ಚುವಲ್ ಮಷೀನ್) ಬೇರೆ ಮಾಡೋಣ ಅಂತ ಎಲ್ಲರಿಗೂ ಆಸೆ. ಆದರೆ ಬೇರೆ ವಿಎಂ ಅಂದರೆ ಬೇರೆ ಲೈಸೆನ್ಸ್, ಕನಿಷ್ಠ 4 ಕೋರ್. ವಿಎಂಗೆ ಎರಡೇ ಕೋರ್ ಕೊಟ್ಟರೂ ನಾಲ್ಕಕ್ಕೇ ಕಟ್ಟಬೇಕು. ನಾವು ಐದಾರು ರಿಪೋರ್ಟ್ ಸರ್ವರ್‌ಗಳನ್ನು ಸೇರಿಸಿ ಎರಡು ಮಾಡಿದೆವು, ಅಲ್ಲೇ ಒಳ್ಳೆ ಉಳಿತಾಯ.

ಟಿಡಿಇ ಇರುವ ಡೇಟಾಬೇಸ್‌ಗಳನ್ನು ಸಾಗಿಸುವಾಗ ಬಿಡುವಿನಲ್ಲಿ ಒಂದು ಪ್ರಯೋಗ ಮಾಡಿದೆ. ಬ್ಯಾಕಪ್ ಕಂಪ್ರೆಷನ್ ಹಾಕಿದರೂ ಫೈಲ್ ಹೆಚ್ಚುಕಮ್ಮಿ ಡೇಟಾಬೇಸ್‌ನಷ್ಟೇ ಇರುತ್ತಿತ್ತು. ಬ್ಯಾಕಪ್ ಕಮಾಂಡ್‌ನ ಮ್ಯಾಕ್ಸ್ ಟ್ರಾನ್ಸ್‌ಫರ್ ಸೈಜ್ ಅನ್ನು 64 ಕೆಬಿಗಿಂತ ಹೆಚ್ಚಿಸಿದ ಕೂಡಲೇ ಮೂರರಲ್ಲಿ ಒಂದಕ್ಕೆ ಇಳಿಯಿತು. ಇದು 2016ರಿಂದಲೇ ಇದೆ, 2019ರ ಸಿಯು5 ಆದಮೇಲೆ ಅದನ್ನು ಕೊಡೋದೂ ಬೇಡ. ಬ್ಯಾಕಪ್ ಡಿಸ್ಕ್ ಖರೀದಿಯ ಒಂದು ಪ್ರಸ್ತಾವ ಇದರಿಂದಲೇ ಮುಚ್ಚಿತು.

ಸ್ಟ್ಯಾಂಡರ್ಡ್‌ನ ಮಿತಿ ಮರೆಯಬೇಡಿ. 2019ರಲ್ಲಿ 24 ಕೋರ್, ಬಫರ್ ಪೂಲ್ (ಡೇಟಾ ಇಟ್ಟುಕೊಳ್ಳುವ ಮೆಮೊರಿ) 128 ಜಿಬಿ. ನಮ್ಮ ಒಂದು ಬಾಕ್ಸ್‌ನಲ್ಲಿ 256 ಜಿಬಿ ಇತ್ತು, ಇಳಿಸಿದರೆ ಸತ್ತೇ ಹೋಗುತ್ತದೆ ಅಂದರು. ಇಳಿಸುವ ಮೊದಲು ಹಳೆಯ ಸರ್ವರ್‌ನಲ್ಲೇ ಮ್ಯಾಕ್ಸ್ ಮೆಮೊರಿಯನ್ನು 128ರ ಹತ್ತಿರಕ್ಕೆ ಇಳಿಸಿ ಒಂದು ಸಲ ತಿಂಗಳಾಂತ್ಯದ ಲೋಡ್ ನೋಡಿದೆವು. ಯಾರೂ ಫೋನ್ ಮಾಡಲಿಲ್ಲ. ಆ ಬಾಕ್ಸ್ ಈಗ ಸ್ಟ್ಯಾಂಡರ್ಡ್.

ಒಟ್ಟಾರೆ ಲೈಸೆನ್ಸ್ ಬಿಲ್ ಅರ್ಧದ ಆಸುಪಾಸಿಗೆ ಬಂತು. ಎಂಟರ್‌ಪ್ರೈಸ್ ಉಳಿದಿರುವುದು ಎರಡೇ ಸರ್ವರ್‌ನಲ್ಲಿ. ಅಲ್ಲಿ ಸೆಕೆಂಡರಿಯಿಂದಲೇ (ಇನ್ನೊಂದು ಸರ್ವರ್‌ನಲ್ಲಿ ಇಡುವ ಡೇಟಾಬೇಸ್ ಪ್ರತಿ) ರಿಪೋರ್ಟ್ ಓದುತ್ತಾರೆ. ಅಂಥ ಪ್ರತಿ ಇಡಲು ಸ್ಟ್ಯಾಂಡರ್ಡ್‌ನಲ್ಲಿರುವ ಬೇಸಿಕ್ ಅವೈಲಬಿಲಿಟಿ ಗ್ರೂಪ್‌ನಲ್ಲಿ ಒಂದು ಗ್ರೂಪಿಗೆ ಒಂದೇ ಡೇಟಾಬೇಸ್, ಸೆಕೆಂಡರಿಯನ್ನು ಓದಲು ಬಿಡಲ್ಲ. ಇಂಡೆಕ್ಸ್ ರಿಬಿಲ್ಡ್‌ಗೂ ಆ ಟೇಬಲ್‌ಗಳನ್ನು ನಿಲ್ಲಿಸಲು ಆಗಲ್ಲ. ಆ ಎರಡನ್ನು ಇಳಿಸುವ ಮಾತು ಬಂದರೆ ಬೇಡ ಅನ್ನುವವನು ಈಗ ನಾನೇ.