ಸಣ್ಣ ಫುಟ್‌ಬಾಲ್ ಕ್ಲಬ್ಬಿನ ವಿಕಿಪೀಡಿಯ ಪುಟವನ್ನು ತಿದ್ದುವ ಬಗೆ

ಗೋವಾ ಗಡಿ ಕೂಗಳತೆಯಲ್ಲಿರುವುದರಿಂದಲೋ ಏನೋ, ಕಾರವಾರದ ಸುತ್ತಮುತ್ತ, ಅದರಲ್ಲೂ ಕೋಡಿಬಾಗದಿಂದ ಕಾಳಿ ನದಿ ದಾಟಿ ಸದಾಶಿವಗಡ, ಮಾಜಾಳಿಯವರೆಗೆ, ಫುಟ್‌ಬಾಲಿನ ಮೇಲಿನ ಪ್ರೀತಿ ಸ್ವಲ್ಪ ಹೆಚ್ಚೇ ಇದೆ. ಇಂಥ ಕಡೆಯ ಕ್ಲಬ್ಬುಗಳ ಬಗ್ಗೆ ಯಾರೋ ಉತ್ಸಾಹದಿಂದ ಆರಂಭಿಸಿದ ವಿಕಿಪೀಡಿಯ ಪುಟಗಳು ಸಾಮಾನ್ಯವಾಗಿ ಒಂದೇ ಅಚ್ಚಿನಲ್ಲಿರುತ್ತವೆ: ಮೊದಲಿಗೆ ಎರಡು ಸಾಲು ಹೊಗಳಿಕೆ, ಅನಂತರ ಅರ್ಧಕ್ಕೆ ನಿಂತ ಆಟಗಾರರ ಪಟ್ಟಿ, ಕೊನೆಯಲ್ಲಿ ಕಾರ್ಯದರ್ಶಿಯ ಮೊಬೈಲ್ ಸಂಖ್ಯೆ. ಇಂಥ ಪುಟವನ್ನು ಸರಿಪಡಿಸುವುದೆಂದರೆ ಅದನ್ನು ಉದ್ದ ಮಾಡುವುದು ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಹೆಚ್ಚಿನ ಕೆಲಸವಿರುವುದು, ಪುಟದ ಪ್ರತಿಯೊಂದು ವಾಕ್ಯದ ಹಿಂದೆಯೂ ಕ್ಲಬ್ಬಿಗೆ ಸಂಬಂಧವಿಲ್ಲದ ಓದುಗನೊಬ್ಬ ಹುಡುಕಿ ನೋಡಬಹುದಾದ ಒಂದು ಪ್ರಕಟಿತ ಆಧಾರವನ್ನು ನಿಲ್ಲಿಸುವುದರಲ್ಲಿ, ಹಾಗೆ ನಿಲ್ಲಿಸಲಾಗದ ವಾಕ್ಯವನ್ನು ಮನಸ್ಸು ಗಟ್ಟಿಮಾಡಿಕೊಂಡು ಅಳಿಸುವುದರಲ್ಲಿ.

ಕೈಹಾಕುವ ಮೊದಲು ಆ ಕ್ಲಬ್ಬಿಗೆ ಪ್ರತ್ಯೇಕ ಪುಟ ಬೇಕೇ ಎಂಬುದನ್ನು ನೋಡಿಕೊಳ್ಳಬೇಕು. ಕ್ಲಬ್ಬಿನವರು ತಾವೇ ಬರೆದದ್ದಲ್ಲದೆ, ಸ್ವತಂತ್ರ ಪತ್ರಿಕೆಗಳು ಅಥವಾ ಪುಸ್ತಕಗಳು ಅದರ ಬಗ್ಗೆ ಒಂದಷ್ಟು ವಿವರವಾಗಿ ಬರೆದಿರಬೇಕೆಂಬುದು ವಿಕಿಪೀಡಿಯದ ಅಪೇಕ್ಷೆ. ಪಂದ್ಯದ ಫಲಿತಾಂಶದಲ್ಲಿ ಹೆಸರು ಬಂದಿದೆ ಎಂಬಷ್ಟೇ ಸಾಲದು. ಸಿಕ್ಕಿದ್ದು ಟೂರ್ನಿಯ ಬ್ಯಾನರು ಮತ್ತು ವಾಟ್ಸ್‌ಆ್ಯಪ್ ಸಂದೇಶಗಳು ಮಾತ್ರವಾದರೆ, ಅಳಿಸಿಹೋಗಲಿರುವ ಪುಟಕ್ಕೆ ಬೆವರು ಸುರಿಸುವ ಬದಲು ಆ ಊರಿನ ಪುಟದಲ್ಲೇ ಕ್ರೀಡೆ ಎಂಬ ಉಪಶೀರ್ಷಿಕೆಯಡಿ ಆಧಾರಸಹಿತವಾದ ಮೂರು ವಾಕ್ಯ ಬರೆಯುವುದು ಮೇಲು. ಇದರಿಂದ ಕ್ಲಬ್ಬಿನ ಗೌರವವೇನೂ ಕಡಿಮೆಯಾಗುವುದಿಲ್ಲ.

ನೀವೇ ಕ್ಲಬ್ಬಿನ ಪದಾಧಿಕಾರಿಯಾಗಿದ್ದರೆ ಅಥವಾ ನಿಮ್ಮ ಅಣ್ಣನೋ ಮಗನೋ ಅಲ್ಲಿ ಆಡುತ್ತಿದ್ದರೆ, ಆ ವಿಷಯವನ್ನು, ಲೇಖನದ ಜೊತೆಗೇ ಇರುವ ಚರ್ಚೆ ಪುಟದಲ್ಲಿ ಮೊದಲೇ ತಿಳಿಸಿ, ಬೇಕಾದ ಬದಲಾವಣೆಯನ್ನು ಅಲ್ಲಿಯೇ ಸೂಚಿಸಬೇಕು. ಬರೆದ ಮಾತಿನ ಕೊನೆಗೆ ನಾಲ್ಕು ಟಿಲ್ಡೆ ಚಿಹ್ನೆಗಳನ್ನು (~~~~) ಹಾಕಿದರೆ ನಿಮ್ಮ ಸಹಿಯೂ ಸಮಯವೂ ತಾವಾಗಿಯೇ ಮೂಡುತ್ತವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇಂದಿಗೂ ನಿತ್ಯ ದುಡಿಯುವ ಸಂಪಾದಕರು ಕಡಿಮೆಯಾದ್ದರಿಂದ ಉತ್ತರಕ್ಕೆ ಕೆಲವು ದಿನ ಕಾಯಬೇಕಾದೀತು. ಯಾರೂ ಮಾತನಾಡದಿದ್ದರೆ, ಸಮುದಾಯದವರು ಸೇರುವ ‘ಅರಳಿ ಕಟ್ಟೆ’ ಎಂಬ ಪುಟದಲ್ಲಿ ಒಂದು ಸಾಲು ಬರೆದು ಗಮನ ಸೆಳೆಯಬಹುದು.

ಆಧಾರ ಹುಡುಕುವ ಕೆಲಸವೇ ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಖುಷಿ ಕೊಡುವುದೂ ಅದೇ. ನಮ್ಮ ಕಡೆಯ ಕ್ಲಬ್ಬುಗಳ ಚರಿತ್ರೆ ಅಂತರಜಾಲದಲ್ಲಿಲ್ಲ. ಹಿರಿಯ ಆಟಗಾರರೊಬ್ಬರ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿದೆ. ಅಲ್ಲಿ ಸಿಗುವ ಪತ್ರಿಕಾ ತುಣುಕುಗಳಲ್ಲಿ ಬಹುಪಾಲಿನವುಗಳಿಗೆ ದಿನಾಂಕವಿರುವುದಿಲ್ಲ, ಏಕೆಂದರೆ ಕತ್ತರಿಸಿದವರಿಗೆ ಬೇಕಾಗಿದ್ದದ್ದು ತಂಡದ ಫೋಟೋ ಮಾತ್ರ, ಪುಟದ ನೆತ್ತಿಯ ಮೇಲಿನ ತಾರೀಖಲ್ಲ. ಇಂಥ ತುಣುಕು ಕೈಗೆ ಸಿಕ್ಕಾಗ ಅದನ್ನು ತಿರುಗಿಸಿ ಹಿಂಬದಿಯನ್ನು ಓದಬೇಕು. ಒಮ್ಮೆ ನನಗೆ ಸಿಕ್ಕಿದ ತುಣುಕಿನ ಬೆನ್ನಿಗೆ ಅರ್ಧ ಕತ್ತರಿಸಿದ ಟೆಂಡರ್ ಪ್ರಕಟಣೆಯೊಂದಿತ್ತು. ಅರ್ಜಿ ಸಲ್ಲಿಸುವ ಕೊನೆಯ ದಿನ ಮಾತ್ರ ಅದರಲ್ಲಿ ಉಳಿದುಕೊಂಡಿತ್ತು. ಅಷ್ಟರಿಂದ ತಿಂಗಳು ಗೊತ್ತಾಯಿತು, ಗ್ರಂಥಾಲಯದಲ್ಲಿ ಆ ತಿಂಗಳ ಪತ್ರಿಕೆಗಳ ಕಟ್ಟನ್ನು ಬಿಚ್ಚಿಸಿ ನೋಡಿದಾಗ ದಿನವೂ ಪುಟಸಂಖ್ಯೆಯೂ ದೊರೆತವು. ಹೀಗೆ ದೊರೆತ ಮೇಲೆ ಪತ್ರಿಕೆಯ ಹೆಸರು, ವರದಿಯ ಶೀರ್ಷಿಕೆ, ದಿನಾಂಕ, ಪುಟ, ಜೊತೆಗೆ ಯಾವ ಆವೃತ್ತಿ ಎಂಬುದನ್ನೂ ಉಲ್ಲೇಖದಲ್ಲಿ ದಾಖಲಿಸಬೇಕು. ರಾಜ್ಯಮಟ್ಟದ ಪತ್ರಿಕೆಗಳ ಉತ್ತರ ಕನ್ನಡ ಜಿಲ್ಲಾ ಪುಟದಲ್ಲಿ ಬಂದ ಸುದ್ದಿ ಬೆಂಗಳೂರಿನ ಆವೃತ್ತಿಯಲ್ಲಿ ಇರುವುದಿಲ್ಲವಾದ್ದರಿಂದ, ಆವೃತ್ತಿಯನ್ನು ಹೇಳದಿದ್ದರೆ ಪರಿಶೀಲಿಸಲು ಹೊರಟವರು ನಿಮ್ಮನ್ನೇ ಸುಳ್ಳುಗಾರನೆಂದುಕೊಳ್ಳುವ ಸಂಭವವಿದೆ.

ಉಲ್ಲೇಖ ಆನ್‌ಲೈನಿನಲ್ಲಿಯೇ ಇರಬೇಕೆಂಬ ನಿಯಮವಿಲ್ಲ, ಕನ್ನಡದಲ್ಲಿಯೇ ಇರಬೇಕೆಂದೂ ಇಲ್ಲ. ಗಡಿ ದಾಟಿ ಆಡಿದ ಪಂದ್ಯಗಳ ವರದಿ ಗೋವಾದ ಮರಾಠಿ, ಕೊಂಕಣಿ ಅಥವಾ ಇಂಗ್ಲಿಷ್ ಪತ್ರಿಕೆಗಳಲ್ಲಿರಬಹುದು. ಅಲ್ಲಿ ಒಬ್ಬನೇ ಆಟಗಾರನ ಹೆಸರು ದೇವನಾಗರಿಯಲ್ಲಿ ಒಂದು ರೀತಿ, ರೋಮನ್ ಲಿಪಿಯಲ್ಲಿ ಇನ್ನೊಂದು ರೀತಿ ಅಚ್ಚಾಗಿರುತ್ತದೆ. ಕನ್ನಡಕ್ಕೆ ತರುವಾಗ ಊರಿನವರು ಬಳಸುವ ರೂಪವನ್ನು ಆರಿಸಿಕೊಂಡು ಪುಟದುದ್ದಕ್ಕೂ ಅದನ್ನೇ ಉಳಿಸಿಕೊಳ್ಳಬೇಕು. ಆನ್‌ಲೈನ್ ಸುದ್ದಿಯಾದರೆ ಕೊಂಡಿಯನ್ನು, ಜಾಲಪುಟಗಳ ಪ್ರತಿಯನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನ್‌ನಲ್ಲಿ ಉಳಿಸಿ, ಆ ವಿಳಾಸವನ್ನೂ ಉಲ್ಲೇಖಕ್ಕೆ ಸೇರಿಸಿಬಿಡಬೇಕು, ಏಕೆಂದರೆ ಇ-ಪತ್ರಿಕೆಗಳ ಕೊಂಡಿಗಳ ಆಯುಷ್ಯ ಕಡಿಮೆ.

ಸ್ಥಾಪನೆಯ ವರ್ಷದ ವಿಷಯದಲ್ಲಿ ನಾನೇ ಎಡವಿದ್ದೇನೆ. ಜೆರ್ಸಿಯ ಬೆನ್ನ ಮೇಲೆ ಅಚ್ಚಾಗಿದ್ದ ವರ್ಷವನ್ನು ನಂಬಿ ಪುಟದಲ್ಲಿ ಬರೆದೆ. ಅನಂತರ ಸಿಕ್ಕಿದ ಸ್ಮರಣ ಸಂಚಿಕೆಯಲ್ಲಿ ಬೇರೆಯೇ ವರ್ಷವಿತ್ತು. ವಿಚಾರಿಸಿದಾಗ, ಹುಡುಗರು ಸೇರಿ ಆಡಲು ಆರಂಭಿಸಿದ ವರ್ಷ ಒಂದು, ಸಂಘವಾಗಿ ನೋಂದಣಿಯಾದ ವರ್ಷ ಇನ್ನೊಂದು ಎಂದು ತಿಳಿಯಿತು. ಎರಡೂ ನಿಜವೇ. ಹೀಗಾದಾಗ ಒಂದನ್ನು ಆರಿಸಿ ಮತ್ತೊಂದನ್ನು ಬಚ್ಚಿಡದೆ, ಸ್ಮರಣ ಸಂಚಿಕೆಯ ಪ್ರಕಾರ ಇಂಥ ವರ್ಷ ಆರಂಭ, ನೋಂದಣಿ ಪತ್ರದ ಪ್ರಕಾರ ಇಂಥ ವರ್ಷ ನೋಂದಣಿ ಎಂದು ಎರಡನ್ನೂ ಬರೆಯಬೇಕು. ಸ್ಮರಣ ಸಂಚಿಕೆ ಕ್ಲಬ್ಬಿನದೇ ಪ್ರಕಟಣೆಯಾದ್ದರಿಂದ ವರ್ಷ, ಪದಾಧಿಕಾರಿಗಳ ಹೆಸರು ಮುಂತಾದ ಸರಳ ಸಂಗತಿಗಳಿಗೆ ಮಾತ್ರ ಅದನ್ನು ಬಳಸಬಹುದು. ‘ಕರಾವಳಿಯ ಅತಿ ಬಲಿಷ್ಠ ತಂಡ’ ಎಂಬ ಮಾತಿಗೆ ಅದು ಆಧಾರವಾಗಲಾರದು.

ಕಾಲಕ್ಕೆ ತಕ್ಕ ಹೆಸರುಗಳನ್ನು ಬಳಸುವುದು ನಮ್ಮ ಜಿಲ್ಲೆಯ ಮಟ್ಟಿಗೆ ವಿಶೇಷ ಎಚ್ಚರ ಬೇಡುವ ಸಂಗತಿ. ಈ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿತ್ತು, ಅನಂತರ ಮೈಸೂರು ರಾಜ್ಯಕ್ಕೆ ಸೇರಿತು, 1973ರಲ್ಲಿ ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಗೋವಾ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದು, ರಾಜ್ಯವಾದದ್ದು 1987ರಲ್ಲಿ. ಹೀಗಿರುವಾಗ 1954ರ ಪಂದ್ಯವೊಂದನ್ನು ‘ಕರ್ನಾಟಕ ರಾಜ್ಯಮಟ್ಟದ ಟೂರ್ನಿ’ ಎಂದು ಬರೆದರೆ, ಆಧಾರ ಸರಿಯಿದ್ದರೂ ವಾಕ್ಯ ತಪ್ಪಾಗುತ್ತದೆ. ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯ ಬಗ್ಗೆ ಬರೆಯುವಾಗಲೂ ಇದೇ ತೊಡಕು: 1968-69ರಲ್ಲಿ ಗೆದ್ದ ತಂಡದ ಹೆಸರು ಮೈಸೂರು, ಕರ್ನಾಟಕ ಎಂಬ ಹೆಸರಿನಲ್ಲಿ ಆ ಟ್ರೋಫಿ ಬಂದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ನಡೆದ ಫೈನಲಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ಕ್ಲಬ್ಬಿನ ಆಟಗಾರನೊಬ್ಬ ರಾಜ್ಯ ತಂಡದಲ್ಲಿ ಆಡಿದ್ದನೆಂದು ಬರೆಯುವ ಮೊದಲು, ಯಾವ ವರ್ಷ, ಆಗ ಆ ತಂಡದ ಹೆಸರೇನು, ಆತ ಮೈದಾನಕ್ಕಿಳಿದಿದ್ದನೋ ಸಂಭಾವ್ಯರ ಶಿಬಿರಕ್ಕೆ ಮಾತ್ರ ಹೋಗಿದ್ದನೋ ಎಂಬುದನ್ನು ಖಚಿತಪಡಿಸಿಕೊಳ್ಳಿ. ಊರಿನ ನೆನಪಿನಲ್ಲಿ ಇವೆರಡೂ ಒಂದೇ ಆಗಿಬಿಡುತ್ತವೆ.

ಇನ್ನು ಬರವಣಿಗೆ. ಪುಟದಲ್ಲಿ ಹೀಗೊಂದು ವಾಕ್ಯವಿದೆಯೆಂದು ಭಾವಿಸಿ: ‘ಕಾರವಾರದ ಹೆಮ್ಮೆಯಾದ ನಮ್ಮ ಕ್ಲಬ್ ಕಳೆದ ವರ್ಷ ಮಾಲಾದೇವಿ ಮೈದಾನದಲ್ಲಿ ನಡೆದ ಅದ್ದೂರಿ ಟೂರ್ನಿಯಲ್ಲಿ ಎದುರಾಳಿಗಳನ್ನು ಧೂಳೀಪಟ ಮಾಡಿ ಇತಿಹಾಸ ನಿರ್ಮಿಸಿತು.’ ಇಲ್ಲಿ ‘ಹೆಮ್ಮೆ’, ‘ಅದ್ದೂರಿ’, ‘ಧೂಳೀಪಟ’, ‘ಇತಿಹಾಸ’ ನಾಲ್ಕೂ ಹೋಗಬೇಕು. ‘ನಮ್ಮ’ ಎಂಬುದಕ್ಕೆ ವಿಶ್ವಕೋಶದಲ್ಲಿ ಸ್ಥಳವಿಲ್ಲ. ‘ಕಳೆದ ವರ್ಷ’ ಎಂಬುದು ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಸುಳ್ಳಾಗುತ್ತದೆ. ಇವನ್ನೆಲ್ಲ ತೆಗೆದ ಮೇಲೆ ಉಳಿಯುವುದು ಮೈದಾನದ ಹೆಸರು ಮಾತ್ರ. ಅದಕ್ಕೆ ಟೂರ್ನಿಯ ಹೆಸರು, ಇಸವಿ, ಫೈನಲಿನ ಎದುರಾಳಿ ಮತ್ತು ಗೋಲುಗಳ ಅಂತರವನ್ನು ಸೇರಿಸಿ, ಕೊನೆಗೆ ಉಲ್ಲೇಖ ಕೊಟ್ಟರೆ ವಾಕ್ಯ ಸಪ್ಪೆಯಾಗಿ ಕಂಡರೂ ನಿಲ್ಲುತ್ತದೆ. ಏಳು ಜನರ ಆಟವೋ ಹನ್ನೊಂದು ಜನರ ಆಟವೋ ಎಂಬುದನ್ನೂ ಹೇಳಿ. ಇದನ್ನು ಬಿಟ್ಟು ಬರೆದ ಗೆಲುವುಗಳು ಓದುಗನಿಗೆ ತಪ್ಪು ಅಂದಾಜು ಕೊಡುತ್ತವೆ. ಪತ್ರಿಕೆಯ ವಾಕ್ಯಗಳನ್ನು ಹಾಗೆಯೇ ನಕಲು ಮಾಡಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆಯಾಗುತ್ತದೆ, ಆದ್ದರಿಂದ ಓದಿ, ಪತ್ರಿಕೆಯನ್ನು ಮುಚ್ಚಿಟ್ಟು, ನಿಮ್ಮ ಮಾತಿನಲ್ಲಿ ಬರೆಯಿರಿ.

ಬಲಬದಿಯ ಮಾಹಿತಿ ಚೌಕದಲ್ಲಿ ಗೊತ್ತಿರುವ ಅಂಶಗಳನ್ನು ಮಾತ್ರ ತುಂಬಿ, ಉಳಿದವನ್ನು ಖಾಲಿ ಬಿಡಬಹುದು. ಖಾಲಿ ಬಿಟ್ಟ ಸಾಲು ಪುಟದಲ್ಲಿ ಕಾಣಿಸುವುದಿಲ್ಲ. ಬಯಲು ಮೈದಾನಕ್ಕೆ ಪ್ರೇಕ್ಷಕರ ಸಾಮರ್ಥ್ಯವನ್ನು ಅಂದಾಜಿನಲ್ಲಿ ಬರೆಯುವುದು ಬೇಡ. ಆಟಗಾರರ ಪಟ್ಟಿಗೆ ‘ಇಂಥ ತಿಂಗಳಿನಲ್ಲಿದ್ದಂತೆ’ ಎಂಬ ಟಿಪ್ಪಣಿ ಅಗತ್ಯ. ಪ್ರತಿ ಋತುವಿನಲ್ಲೂ ಅದನ್ನು ತಿದ್ದುವವರು ಯಾರೂ ಇಲ್ಲವೆಂದಾದರೆ ಪಟ್ಟಿಯನ್ನೇ ತೆಗೆದುಹಾಕುವುದು ವಾಸಿ. ಮೊಬೈಲ್ ಸಂಖ್ಯೆ, ಮನೆ ವಿಳಾಸ, ಶಾಲೆಗೆ ಹೋಗುವ ಮಕ್ಕಳ ವಿವರಗಳನ್ನು ಯಾವ ಕಾರಣಕ್ಕೂ ಉಳಿಸಬಾರದು.

ಚಿತ್ರಗಳ ವಿಷಯದಲ್ಲಿ ಜನ ತಪ್ಪುವುದು ಒಂದೇ ಕಡೆ: ಫೋಟೋ ತಮ್ಮ ಬಳಿ ಇರುವುದರಿಂದ ಹಕ್ಕೂ ತಮ್ಮದೇ ಎಂದುಕೊಳ್ಳುತ್ತಾರೆ. ಸ್ಟುಡಿಯೋದವರು ತೆಗೆದ ಹಳೆಯ ತಂಡದ ಫೋಟೋದ ಹಕ್ಕು ಸಾಮಾನ್ಯವಾಗಿ ತೆಗೆದವರದು ಅಥವಾ ಹಣ ಕೊಟ್ಟು ತೆಗೆಸಿದವರದು. 2012ರ ತಿದ್ದುಪಡಿಯ ಬಳಿಕ ಭಾರತದಲ್ಲಿ ಛಾಯಾಚಿತ್ರಗಳ ಕೃತಿಸ್ವಾಮ್ಯವೂ ಛಾಯಾಗ್ರಾಹಕರ ಮರಣಾನಂತರ 60 ವರ್ಷ ಇರುತ್ತದೆ. ಕ್ಲಬ್ಬಿನ ಲಾಂಛನವನ್ನು ಸಹ, ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಗೆಯೇ ಏರಿಸುವಂತಿಲ್ಲ. ಇದಕ್ಕೆಲ್ಲ ಸುಲಭದ ದಾರಿಯೆಂದರೆ, ಒಂದು ಭಾನುವಾರ ಸಂಜೆ ನೀವೇ ಮೈದಾನಕ್ಕೆ ಹೋಗಿ, ಪಂದ್ಯ ನಡೆಯುತ್ತಿರುವಾಗ ದೂರದಿಂದ ಎರಡು ಚಿತ್ರ ತೆಗೆದು ಮುಕ್ತ ಪರವಾನಗಿಯಡಿ ಕಾಮನ್ಸ್‌ಗೆ ಸೇರಿಸುವುದು. ಗೋಲ್‌ಕಂಬ, ಹಿಂದಿನ ತೆಂಗಿನ ಮರಗಳು, ಗೆರೆಯ ಹೊರಗೆ ನಿಂತ ಬೈಕುಗಳು ಕಾಣುವ ಚಿತ್ರ, ಶಾಲು ಹೊದೆಸುವ ಸಮಾರಂಭದ ಚಿತ್ರಕ್ಕಿಂತ ಕ್ಲಬ್ಬಿನ ಬಗ್ಗೆ ಹೆಚ್ಚು ಹೇಳುತ್ತದೆ.

ಪ್ರಕಟಿಸುವಾಗ ಸಂಪಾದನೆಯ ಸಾರಾಂಶದಲ್ಲಿ ಏನು ಬದಲಿಸಿದಿರಿ, ಏಕೆ ಬದಲಿಸಿದಿರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಊರಿನ ಪುಟದಿಂದ, ಸಾಧ್ಯವಾದರೆ ಜಿಲ್ಲೆಯ ಪುಟದಿಂದಲೂ ಇಲ್ಲಿಗೆ ಕೊಂಡಿ ಕೊಡದಿದ್ದರೆ ಪುಟ ಒಂಟಿಯಾಗಿ ಬಿದ್ದಿರುತ್ತದೆ. ಕೊನೆಗೆ ಮೇಲಿನ ನಕ್ಷತ್ರದ ಗುರುತನ್ನು ಒತ್ತಿ ಪುಟವನ್ನು ನಿಮ್ಮ ವೀಕ್ಷಣಾಪಟ್ಟಿಗೆ ಸೇರಿಸಿಕೊಳ್ಳಿ. ಟೂರ್ನಿಯ ದಿನಗಳಲ್ಲಿ, ಸೋತ ತಂಡದ ಹುಡುಗನೊಬ್ಬ ರಾತ್ರಿ ಹನ್ನೊಂದಕ್ಕೆ ಬಂದು 2-1 ಎಂಬುದನ್ನು 1-2 ಮಾಡಿ ಹೋಗುವುದುಂಟು. ಅಂಥದ್ದು ಕಂಡಾಗ ಬೈಯುವ ಅಗತ್ಯವಿಲ್ಲ; ತಿದ್ದುಪಡಿಗಳೆಲ್ಲ ದಾಖಲಾಗಿರುವ ಇತಿಹಾಸದ ಪುಟ ತೆರೆದು ಆ ಬದಲಾವಣೆಯನ್ನು ರದ್ದುಮಾಡಿ, ಆತನ ಬಳಿ ಬೇರೆ ಪತ್ರಿಕೆಯ ವರದಿಯಿದ್ದರೆ ಚರ್ಚೆ ಪುಟದಲ್ಲಿ ಹಾಕುವಂತೆ ಕೇಳಿದರಾಯಿತು.