ಎ ಪ್ಲಸ್ ಪರೀಕ್ಷೆಗೆ ಓದುವವರು ಪುಸ್ತಕ ತೆರೆಯುವ ಮೊದಲು ಬರೆಯಿರಿ

ಕೆಲಸ ಮಾಡುತ್ತಲೇ ಕಾಂಪ್‌ಟಿಯಾ ಎ ಪ್ಲಸ್ ಪರೀಕ್ಷೆಗೆ (ಕಂಪ್ಯೂಟರ್ ದುರಸ್ತಿ ಮತ್ತು ತಾಂತ್ರಿಕ ನೆರವಿನ ಕೆಲಸದ ಪ್ರಮಾಣಪತ್ರಕ್ಕಾಗಿ ಬರೆಯುವ ಪರೀಕ್ಷೆ) ಓದುತ್ತಿರುವವರು ದಿನವೂ ಪುಸ್ತಕ ತೆರೆಯುವ ಮೊದಲು, ಹಿಂದಿನ ದಿನ ಓದಿದ್ದನ್ನು ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆದು, ಬಾರದೆ ಉಳಿದದ್ದನ್ನಷ್ಟೇ ಮತ್ತೆ ಓದಬೇಕು. ಎಸ್‌ಎಸ್‌ಎಚ್‌ಗೆ 22, ಡಿಎನ್‌ಎಸ್‌ಗೆ 53, ರಿಮೋಟ್ ಡೆಸ್ಕ್‌ಟಾಪ್‌ಗೆ 3389 ಎಂಬಂಥ ಪೋರ್ಟ್ ಸಂಖ್ಯೆಗಳು, ಅಂದರೆ ಕಂಪ್ಯೂಟರ್ ಜಾಲದ ಒಂದೊಂದು ಸೇವೆಗೂ ಗೊತ್ತುಪಡಿಸಿದ ಸಂಖ್ಯೆಗಳು, ಕಣ್ಣಾಡಿಸಿದಾಗ ಪರಿಚಿತವೆನಿಸಿದರೂ ಪುಸ್ತಕ ಮುಚ್ಚಿದೊಡನೆ ಕೈಕೊಡುತ್ತವೆ; ನೆನಪಿನಿಂದ ಹೊರತೆಗೆಯುವ ಶ್ರಮವೇ ಅವುಗಳನ್ನು ಗಟ್ಟಿಗೊಳಿಸುತ್ತದೆ. ಬೀದರ್–ಕಲಬುರಗಿ ರೈಲಿನಲ್ಲಿ ಓಡಾಡುವವರಿಗೆ ಹೀಗೆ ಬರೆಯಲು ಕೂರುವ ಜಾಗ ಸಿಕ್ಕರೆ ಸಾಕು, ಮೊಬೈಲ್ ನೆಟ್‌ವರ್ಕ್ ಕೂಡ ಬೇಕಿಲ್ಲ. ಆದರೆ ತಲಾ 90 ನಿಮಿಷಗಳ ಎರಡು ಭಾಗಗಳಿರುವ ಆ ಪರೀಕ್ಷೆಯಲ್ಲಿ ಪರದೆಯ ಮೇಲೆ ಮಾಡಿ ತೋರಿಸಬೇಕಾದ ಪ್ರಶ್ನೆಗಳೂ ಇರುತ್ತವೆ, ಅವುಗಳಿಗೆ ಈ ಉಪಾಯ ನಡೆಯದು. ಅದಕ್ಕೆ ಹಳೆಯ ಕಂಪ್ಯೂಟರೊಂದರ ರ‍್ಯಾಮ್ ಕಳಚಿ ಜೋಡಿಸಿ, ಆದೇಶಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟಿನಲ್ಲಿ, ಜಾಲ ಸಂಪರ್ಕದ ವಿವರ ತೋರಿಸುವ ಐಪಿಕಾನ್ಫಿಗ್ ಆದೇಶ ಕೊಟ್ಟು ಬರುವ ಉತ್ತರವನ್ನು ಸಾಲುಸಾಲಾಗಿ ಓದಿ ಅರ್ಥಮಾಡಿಕೊಳ್ಳಲೇಬೇಕು.